ಜಗಲಿಯ ಮೇಲೆ ರದ್ದಿ ಪೇಪರ್: ಓದುಗರ ಪ್ರಶ್ನೆಗೆ ಡ್ರಾಯಿಂಗ್ ಟೀಚರ್ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಮನೆಯ ಕೊಲಾಜ್ ದಿನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸಾಗರದ ಹತ್ತಿರ ನಮ್ಮ ಹಳ್ಳಿಮನೆ. ಅದರ ಜಗಲಿಯಲ್ಲಿ ವರ್ಷಕ್ಕೆ ನಾಲ್ಕು ಸಲ ಎಂಟ್ಹತ್ತು ಜನ ಸೇರುತ್ತೇವೆ. ಹಳೆ ಪತ್ರಿಕೆ, ಕ್ಯಾಲೆಂಡರ್, ಲಗ್ನಪತ್ರಿಕೆ ಕತ್ತರಿಸಿ ಒಂದು ಹಾಳೆಗೆ ಅಂಟಿಸುತ್ತೇವೆ. ಆಮೇಲೆ ಅದು ನಮ್ಮ ಬಗ್ಗೆ ಏನು ಹೇಳುತ್ತದೆ ಅಂತ ನೋಡುತ್ತಾ ಕೂರುತ್ತೇವೆ. ಅಷ್ಟೇ. ಇದಕ್ಕೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಓದಿದೆ. ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷ. ನನಗೆ ಚಿತ್ರ ಬರುವುದಿಲ್ಲ. ಆನೆ ಬರೆದರೆ ಹೆಂಡತಿ ‘ಹಂದಿಯಾ?’ ಅಂತ ಕೇಳುತ್ತಾಳೆ. ಇಂಥವನಿಗೆ ಕೊಲಾಜ್‌ನಿಂದ ತನ್ನ ಬಗ್ಗೆ ಏನು ತಿಳಿದೀತು?
– ಎಸ್. ಎನ್., ತುಮಕೂರು

ನಿಮ್ಮಂಥವರೇ ನನಗೆ ಬೇಕು. ಚಿತ್ರ ಬರುವವರ ಕೈ ಕಳ್ಳ ಕೈ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವಳು ಹೇಳುತ್ತಿದ್ದೇನೆ, ನಂಬಿ. ‘ಮನಸ್ಸಿಗೆ ಬಂದದ್ದು ಬರಿ’ ಅಂದರೆ ನನ್ನ ಕೈ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನಮರ ಬರೆದು ಎದ್ದುಬಿಡುತ್ತದೆ. ಬಾಯಿಪಾಠ ಒಪ್ಪಿಸಿದ ಹಾಗೆ. ಕತ್ತರಿ ಹಿಡಿದಾಗ ಆ ಆಟ ನಡೆಯುವುದಿಲ್ಲ. ಫೋಟೋ ಯಾರೋ ತೆಗೆದದ್ದು, ಬಣ್ಣ ಯಾವುದೋ ಪ್ರೆಸ್ಸಿನದ್ದು. ಇದು ಬೇಕು, ಅದು ಬೇಡ ಅನ್ನುವುದು ಮಾತ್ರ ನಿಮ್ಮದು.

ನಾವು ಮಾಡುವುದು ಹೀಗೆ. ಮೊದಲ ಅರ್ಧ ಗಂಟೆ ಯಾರೂ ಮಾತಾಡುವಂತಿಲ್ಲ. (ನಮ್ಮ ಕಡೆಯವರಿಗೆ ಇದೇ ಎಲ್ಲಕ್ಕಿಂತ ಕಷ್ಟ.) ಪುಟ ತಿರುವುತ್ತಾ ಹೋಗುವುದು. ಕಣ್ಣು ಎಲ್ಲಿ ನಿಲ್ಲುತ್ತದೋ ಆ ಚೂರನ್ನು ಹರಿದಿಡುವುದು. ಯಾಕೆ ಅಂತ ಕೇಳಿಕೊಳ್ಳಬಾರದು. ಇಪ್ಪತ್ತು ಮೂವತ್ತು ಚೂರಾದ ಮೇಲೆ ಅರ್ಧ ತೆಗೆದು ಪಕ್ಕಕ್ಕಿಡಬೇಕು. ಉಳಿದದ್ದನ್ನು ಗೋಂದು ಹಚ್ಚದೆ ಹಾಳೆಯ ಮೇಲೆ ಸುಮ್ನೆ ಹರಡಿ, ಎದ್ದುಹೋಗಿ ಒಂದು ಲೋಟ ಕಷಾಯ ಕುಡಿದು ಬರಬೇಕು. ವಾಪಸ್ ಬಂದು ನೋಡಿದರೆ ಎರಡು ಮೂರು ಚೂರು ‘ನನ್ನ ಜಾಗ ಇದಲ್ಲ’ ಅನ್ನುತ್ತಿರುತ್ತವೆ. ಅವನ್ನು ಸರಿಸಿ. ಆಮೇಲೆ ಗೋಂದು.

ಒಣಗುವಷ್ಟರಲ್ಲಿ ಹಾಳೆಯ ಹಿಂದೆ ತಾರೀಖು, ಯಾವ ಮಳೆ ನಕ್ಷತ್ರ, ಮತ್ತೆ ಮೂರು ಸಾಲು. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಚೂರು ಯಾವುದು? ಅದಕ್ಕೆ ಬಾಯಿ ಬಂದರೆ ಏನು ಹೇಳೀತು? ಅದನ್ನಷ್ಟೇ ಬರೆಯಿರಿ. ಪಕ್ಕಕ್ಕಿಟ್ಟ ಚೂರುಗಳನ್ನು ಎಸೆಯಬೇಡಿ, ಒಂದು ಕವರಿಗೆ ಹಾಕಿ ಹಿಂದೆ ಸಿಕ್ಕಿಸಿ. ಆರು ತಿಂಗಳು ಬಿಟ್ಟು ನೋಡಿದಾಗ, ಅಂಟಿಸಿದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ ಮಾತಾಡುವುದುಂಟು.

ಒಂದು ಸಲ ಮಾಡಿದರೆ ಸಾಲದಾ? ಋತು ಆರು ಇರುವಾಗ ನೀವು ನಾಲ್ಕೇ ಸಲ ಮಾಡುವುದು ಯಾವ ಲೆಕ್ಕ?
– ಒಬ್ಬ ಗೃಹಿಣಿ, ದಾವಣಗೆರೆ

ಆರು ಋತು ಪಂಚಾಂಗದಲ್ಲಿ. ನಮ್ಮೂರಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆ. ಅದರಲ್ಲೂ ಮಳೆ ಪಕ್ಕದವರ ಪಾಲನ್ನು ಒತ್ತುವರಿ ಮಾಡಿಕೊಂಡಿರುತ್ತದೆ. ನಮ್ಮ ನಾಲ್ಕು ದಿನ ಜನರ ಬಿಡುವಿನ ಲೆಕ್ಕ. ಯುಗಾದಿ ಮುಗಿದ ಮೇಲೆ ಒಂದು. ಜುಲೈಯಲ್ಲಿ ಪುನರ್ವಸು ಮಳೆ ಹೊಯ್ಯುವಾಗ ಒಂದು. ದಸರಾ ಮತ್ತು ದೀಪಾವಳಿಯ ನಡುವೆ ಒಂದು. ಕೊನೆಯದು ಸಂಕ್ರಾಂತಿ ದಾಟಿ, ಅಡಿಕೆ ಕೊಯ್ಲು ಮುಗಿದ ಮೇಲೆ. ಕೊಯ್ಲಿನ ನಡುವೆ ‘ಕಾಗದ ಕತ್ತರಿಸೋಣ ಬನ್ನಿ’ ಅಂತ ಕರೆದರೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾರು.

ಒಂದು ಸಲ ಯಾಕೆ ಸಾಲದು ಅಂದರೆ, ಒಂದೇ ಹಾಳೆ ಸುಳ್ಳು ಹೇಳುತ್ತದೆ. ಆವತ್ತು ಕೈಗೆ ಸಿಕ್ಕ ಪತ್ರಿಕೆ, ಆವತ್ತಿನ ತಲೆನೋವು, ಅಷ್ಟೇ ಅದರಲ್ಲಿರುತ್ತದೆ. ನಾಲ್ಕನ್ನೂ ನೆಲದ ಮೇಲೆ ಸಾಲಾಗಿ ಹಾಸಿದಾಗ ವಿಷಯ ಬೇರೆ.

ನನ್ನದೇ ಹೇಳುತ್ತೇನೆ. ನಿವೃತ್ತಿಯಾದ ಮೊದಲ ವರ್ಷ. ಬೇಸಿಗೆಯ ಹಾಳೆ ಪೂರ್ತಿ ಹಳದಿ, ಮಾವಿನಹಣ್ಣು, ಕೊಡೆ ಹಿಡಿದ ಹುಡುಗಿ. ಮಳೆಯ ಹಾಳೆಯಲ್ಲಿ ಹಸಿರು, ಒಂದು ಕೆಂಪು ಬಸ್ಸು. ದಸರಾ ನಂತರದ್ದರಲ್ಲಿ ಯಾವುದೋ ಸೀರೆ ಜಾಹೀರಾತಿನ ಅಂಚು. ಪರವಾಗಿಲ್ಲ, ಚೆನ್ನಾಗೇ ಇದೆ ಅಂದುಕೊಂಡಿದ್ದೆ. ನಾಲ್ಕನೆಯದು ಮುಗಿದ ಸಂಜೆ ಎಲ್ಲವನ್ನೂ ಜಗಲಿಯಲ್ಲಿ ಹಾಸಿದೆ. ಮೂರು ಹಾಳೆಯಲ್ಲಿ ಪ್ರೆಶರ್ ಕುಕ್ಕರ್! ಬೇಸಿಗೆಯಲ್ಲಿ ಅದು ನಡುಮಧ್ಯೆ ನೆಟ್ಟಗೆ ಕೂತಿತ್ತು. ಮಳೆಯಲ್ಲಿ ಅರ್ಧ ಕುಕ್ಕರ್ ಮರದ ಕೆಳಗೆ ಹೂತುಹೋಗಿ ಮುಚ್ಚಳ ಮಾತ್ರ ಕಾಣುತ್ತಿತ್ತು. ದಸರಾ ಹಾಳೆಯಲ್ಲಿ ತಲೆಕೆಳಗಾಗಿತ್ತು. ಅದರ ಹೊಳಪು ಚೆಂದ ಅಂತ ಕತ್ತರಿಸಿದೆ ಅಂತಲೇ ನಾನು ವಾದ ಮಾಡುತ್ತಿದ್ದೆ. ಹಾಲು ಕೊಡಲು ಬಂದ ಪಕ್ಕದ ಮನೆಯ ಹುಡುಗ, ಪಿಯುಸಿ ಓದುವವನು, ಬಗ್ಗಿ ನೋಡಿ ಕೇಳಿದ: ‘ಟೀಚರ್, ಈ ಕುಕ್ಕರ್ ನಿಮಗೇನು ಮಾಡಿತ್ತು?’

ನಕ್ಕುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ಕೆಲಸಕ್ಕೆ ಹೋಗುತ್ತಿದ್ದಾಗ ಬೆಳಿಗ್ಗೆ ಒಂದು ಅನ್ನ, ಒಂದು ಸಾರು ಮಾಡಿ ಹೊರಟರೆ ಆಯ್ತು. ನಿವೃತ್ತಿಯಾದದ್ದೇ ತಡ, ‘ಟೀಚರ್ ಈಗ ಮನೇಲೇ ಇರ್ತಾರೆ’ ಅಂತ ನೆಂಟರು ಬರಲು ಶುರುವಾದರು. ಒಳ್ಳೆಯವರೇ, ಆದರೆ ಉಣ್ಣುವವರು. ದಿನಕ್ಕೆ ಮೂರು ಸಲ ಒಲೆ. ಕೇಳಿದವರಿಗೆಲ್ಲ ‘ನಿವೃತ್ತಿ ಆರಾಮ’ ಅನ್ನುತ್ತಿದ್ದೆ, ಅದನ್ನು ನಾನೂ ನಂಬಿದ್ದೆ. ಆ ವಾರವೇ ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ ಒಲೆ ಹಚ್ಚುವುದು ನಿಂತಿತು. ಯಾರೇ ಬರಲಿ, ಅವಲಕ್ಕಿ ಮೊಸರು. ಮೊದಲ ಭಾನುವಾರ ನಮ್ಮ ಯಜಮಾನರು ಅಡುಗೆಮನೆಯ ಡಬ್ಬಗಳನ್ನು ಮೂರು ಸಲ ತೆರೆದು ಮುಚ್ಚಿದರು. ಈಗ ಅವಲಕ್ಕಿ ಅವರೇ ಕಲಸುತ್ತಾರೆ. ಹಸಿಮೆಣಸು ಜಾಸ್ತಿ ಹಾಕುತ್ತಾರೆ, ನಾನು ಮಾತಾಡುವುದಿಲ್ಲ.

ಮುಂದಿನ ಯುಗಾದಿ ಹಾಳೆಯಲ್ಲಿ ಕುಕ್ಕರ್ ಇರಲಿಲ್ಲ. ಪವಾಡ ಅನ್ನುವುದಿಲ್ಲ. ಆ ತಿಂಗಳು ಕುಕ್ಕರ್ ಜಾಹೀರಾತೇ ಬಂದಿರಲಿಲ್ಲವೋ ಏನೋ.

ಲಗ್ನಪತ್ರಿಕೆಯ ಬಣ್ಣ ಚೆನ್ನಾಗಿರುತ್ತದೆ. ಆದರೆ ಎಲ್ಲದರ ಮೇಲೂ ಗಣಪತಿ. ದೇವರಿಗೆ ಕತ್ತರಿ ಹಾಕಲು ಅತ್ತೆ ಬಿಡುವುದಿಲ್ಲ. ನನಗೂ ಮನಸ್ಸಾಗುವುದಿಲ್ಲ. ಏನು ಮಾಡಲಿ?
– ಆರ್. ಕೆ., ಹುಬ್ಬಳ್ಳಿ

ಮನಸ್ಸಾಗದಿದ್ದರೆ ಹಾಕಬೇಡಿ. ನಮ್ಮಲ್ಲಿ ಮೊದಲು ಗಣಪತಿಯನ್ನು ಸುತ್ತಲೂ ಬಿಡಿಸಿ, ಇಡಿಯಾಗಿ ತೆಗೆದು ಒಂದು ಬಿಸ್ಕತ್ ಡಬ್ಬದಲ್ಲಿಡುತ್ತೇವೆ. ಆಮೇಲೆ ಉಳಿದದ್ದಕ್ಕೆ ಕತ್ತರಿ. ಆ ಡಬ್ಬ ಎರಡು ಸಲ ತುಂಬಿ ಮೂರನೆಯದು ನಡೆಯುತ್ತಿದೆ. ಅಂದಹಾಗೆ ಲಗ್ನಪತ್ರಿಕೆಯ ನಿಜವಾದ ಆಸ್ತಿ ಅದರ ಚಿತ್ರವಲ್ಲ, ಹೆಸರುಗಳ ಪಟ್ಟಿ. ‘ಸುಖಾಗಮನ ಬಯಸುವವರು’ ಅಂತ ಇರುತ್ತದಲ್ಲ, ಅಲ್ಲಿ ನಿಮ್ಮ ಹೆಸರು ಎಷ್ಟನೇ ಸಾಲಿನಲ್ಲಿದೆ ನೋಡಿ. ಕಳೆದ ವರ್ಷ ಒಬ್ಬರು ಆ ಪಟ್ಟಿಯನ್ನೇ ಪೂರ್ತಿ ಕತ್ತರಿಸಿ, ಹೆಸರುಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಮತ್ತೆ ಅಂಟಿಸಿದರು. ನಾವು ಯಾರೂ ಏನೂ ಕೇಳಲಿಲ್ಲ. ಅವರು ಮಾತ್ರ ಮಧ್ಯಾಹ್ನದವರೆಗೂ ನಗುತ್ತಿದ್ದರು.

ನಾನು ಮಾಡಿದ ಕೊಲಾಜ್ ಎರಡು ಸಲವೂ ಕಪ್ಪು ಕಪ್ಪು. ಗೆಳತಿ ನೋಡಿ ‘ನಿನಗೆ ಡಿಪ್ರೆಶನ್ ಇರಬೇಕು’ ಅಂದಳು. ಹೆದರಿಕೆಯಾಗಿದೆ.
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಮೊದಲು ಆ ಪತ್ರಿಕೆಯ ಪುಟ ತಿರುವಿ ನೋಡು ಮಗಳೇ. ಕಾರು, ಮೊಬೈಲು, ವಾಚು, ಎಲ್ಲದರ ಜಾಹೀರಾತಿಗೂ ಹಿಂದೆ ಕಪ್ಪು ಬಣ್ಣ. ಕಪ್ಪು ಕಾಗದ ಅಷ್ಟೊಂದು ಸಿಕ್ಕರೆ ಹಾಳೆ ಕಪ್ಪಾಗದೆ ಇನ್ನೇನು?

ಒಮ್ಮೆ ಒಂದು ದೊಡ್ಡ ಊರಿನಲ್ಲಿ ಇಂಥದ್ದೇ ಶಿಬಿರಕ್ಕೆ ಹೋಗಿದ್ದೆ. ಒಂದು ದಿನಕ್ಕೆ ಮೂರು ಸಾವಿರ ಫೀಸು, ಒಳ್ಳೆಯ ಊಟ. ನನ್ನ ಹಾಳೆಯಲ್ಲಿ ಒಂದು ಬಾವಿ ಇತ್ತು. ನಡೆಸಿಕೊಡುತ್ತಿದ್ದವರು ಎಲ್ಲರ ಮುಂದೆ ಅದನ್ನು ಎತ್ತಿಹಿಡಿದು, ‘ಬಾವಿ ಅಂದರೆ ಇವರು ಒಳಗೆ ಮುಚ್ಚಿಟ್ಟ ದುಃಖ’ ಅಂದರು. ಎಲ್ಲರೂ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. ನಿಜ ಏನೆಂದರೆ ಆ ವಾರ ನಮ್ಮ ಬಾವಿಯ ರಾಟೆ ಮುರಿದಿತ್ತು, ರಿಪೇರಿಯವನು ನಾಳೆ ನಾಳೆ ಅನ್ನುತ್ತಿದ್ದ. ಅದನ್ನು ಹೇಳಲು ಅವರು ಬಿಡಲೇ ಇಲ್ಲ. ಇವತ್ತಿಗೂ ಸಿಟ್ಟು ಬರುತ್ತದೆ.

ಅದಕ್ಕೇ ನಮ್ಮ ಜಗಲಿಯಲ್ಲಿ ಒಬ್ಬರ ಹಾಳೆಗೆ ಇನ್ನೊಬ್ಬರು ಅರ್ಥ ಹೇಳುವಂತಿಲ್ಲ. ಆ ಪಿಯುಸಿ ಹುಡುಗ ಕೇಳಿದ ಹಾಗೆ ಕೇಳಬಹುದು. ತೀರ್ಪು ಕೊಡಬಾರದು.

ಆದರೂ ಒಂದು ಮಾತು. ಹಾಳೆಯ ಬಣ್ಣ ಬಿಡು. ನಿದ್ದೆ, ಊಟ ಹೇಗಿದೆ? ಬೆಳಿಗ್ಗೆ ಏಳುವುದೇ ಬೇಡ ಅನ್ನಿಸುವುದು ಎರಡು ವಾರ ದಾಟಿದೆಯಾ? ಹಾಗಿದ್ದರೆ ಕತ್ತರಿ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗು. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೊಲಾಜ್ ಔಷಧಿ ಅಲ್ಲ. ಯಾರಾದರೂ ಔಷಧಿ ಅಂತ ಮಾರಿದರೆ ಅಲ್ಲಿಂದ ಎದ್ದು ಬಾ.

ಗಂಡ ‘ಇದು ಮಕ್ಕಳಾಟ’ ಅಂತ ನಗುತ್ತಾರೆ. ನನಗೆ 64.
– ವಿ. ಎಲ್., ಬೆಂಗಳೂರು

ಅವರಿಗೆ ಮೇರಿ ಡೆಲಾನಿ ಅನ್ನುವ ಇಂಗ್ಲಿಷ್ ಅಜ್ಜಿಯ ಕಥೆ ಹೇಳಿ. ಹುಟ್ಟಿದ್ದು 1700ರಲ್ಲಿ. ಕಾಗದ ಕತ್ತರಿಸಿ ಹೂವು ಮಾಡಲು ಶುರು ಮಾಡಿದಾಗ ವಯಸ್ಸು ಎಪ್ಪತ್ತು ದಾಟಿತ್ತು, ಗಂಡ ತೀರಿಹೋಗಿದ್ದರು. ಎದುರಿಗೆ ನಿಜವಾದ ಗಿಡ ಇಟ್ಟುಕೊಂಡು, ಎಸಳು, ಕೇಸರ ಒಂದೊಂದನ್ನೂ ಬಣ್ಣದ ಕಾಗದದಲ್ಲಿ ಕತ್ತರಿಸಿ ಕಪ್ಪು ಹಾಳೆಗೆ ಅಂಟಿಸುತ್ತಿದ್ದಳು. ಕಣ್ಣು ಸೋಲುವವರೆಗೆ, ಹತ್ತು ವರ್ಷದಲ್ಲಿ, 985 ಗಿಡ. ಈಗ ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಫ್ರಾನ್ಸಿನ ಚಿತ್ರಕಾರ ಮತೀಸ್ 1941ರಲ್ಲಿ ದೊಡ್ಡ ಆಪರೇಷನ್ ಆಗಿ, ನಿಂತು ಪೇಂಟ್ ಮಾಡುವುದು ಕಷ್ಟವಾದಾಗ, ಹಾಸಿಗೆ ಗಾಲಿಕುರ್ಚಿಯಲ್ಲೇ ಕತ್ತರಿ ಹಿಡಿದವರು. ನಮ್ಮ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಅವರಂತೂ ಕಣ್ಣು ಪೂರ್ತಿ ಹೋದ ಮೇಲೆ ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದರು. ಕೈ ನೋಡುತ್ತಿತ್ತು.

ಇಷ್ಟಾದರೂ ನಕ್ಕರೆ ಒಂದು ಕತ್ತರಿ ಅವರ ಕೈಗೂ ಕೊಡಿ.

ಮಳೆಗಾಲದಲ್ಲಿ ಅಂಟಿಸಿದ ಹಾಳೆ ಹಪ್ಪಳದಂತೆ ಸುರುಳಿಯಾಯಿತು. ಆಮೇಲೆ ಬೂಷ್ಟು. ಯಾವ ಗೋಂದು ಒಳ್ಳೆಯದು?
– ಜಿ. ಪಿ., ಶಿರಸಿ

ನಿಮ್ಮ ಕಷ್ಟ ನನಗೆ ಗೊತ್ತು. ಜುಲೈಯಲ್ಲಿ ನಮ್ಮಲ್ಲಿ ಬೆಂಕಿಪೆಟ್ಟಿಗೆಯೂ ಹತ್ತುವುದಿಲ್ಲ. ಒದ್ದೆಯಾದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಕೆಳಗಿನ ಹಾಳೆಯನ್ನೂ ತನ್ನ ಕಡೆಗೆ ಎಳೆಯುತ್ತದೆ. ಉಪಾಯ ಏನೆಂದರೆ ಹಾಳೆಯ ಬೆನ್ನಿಗೂ ಅದೇ ಗೋಂದಿನಿಂದ ಒಂದು ಖಾಲಿ ಕಾಗದ ಅಂಟಿಸಿಬಿಡುವುದು. ಎರಡೂ ಕಡೆಯಿಂದ ಎಳೆತ ಸಮ ಆಗುತ್ತದೆ. (ತಾರೀಖು, ಮೂರು ಸಾಲು ಆ ಕಾಗದದ ಮೇಲೆ ಬರೆಯಿರಿ.) ಆಮೇಲೆ ಎರಡು ದಿನ ಹಳೆ ನಿಘಂಟಿನ ಕೆಳಗೆ.

ಮೈದಾ ಗೋಂದು ನನಗಿಷ್ಟ. ಒಂದು ಪಾಲು ಮೈದಾಕ್ಕೆ ನಾಲ್ಕೈದು ಪಾಲು ನೀರು, ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವಿದರೆ ಆಯ್ತು. ಆದರೆ ಮಳೆಗಾಲದಲ್ಲಿ ಬೇಡ, ಬೂಷ್ಟಿಗೆ ಅದು ಹಬ್ಬದೂಟ. ಬೈಂಡಿಂಗ್ ಮಾಡುವವರು ಹುಳ ಬಾರದಿರಲಿ ಅಂತ ಮೈಲುತುತ್ತ (ಕಾಪರ್ ಸಲ್ಫೇಟ್) ಸೇರಿಸುತ್ತಿದ್ದರು. ಕೊಳೆರೋಗಕ್ಕೆ ಔಷಧಿ ಹೊಡೆಯುವ ಅಡಿಕೆ ತೋಟದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಆದರೂ ಬೇಡ, ಅದು ವಿಷ. ಜುಲೈಗೆ ಫೆವಿಕಾಲ್ ತನ್ನಿ, ಸ್ವಲ್ಪವೇ ನೀರು ಬೆರೆಸಿ, ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ. ದಿನಪತ್ರಿಕೆಯ ಕಾಗದ ಬೆಳಕಿಗೆ ಬೇಗ ಹಳದಿಯಾಗುತ್ತದೆ, ಅದರಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ನನಗೆ ಆ ಹಳದಿ ಇಷ್ಟ, ನಾನು ತಡೆಯಲು ಹೋಗುವುದಿಲ್ಲ.

ನಾನು ಡಬ್ಲಿನ್‌ನಲ್ಲಿದ್ದೇನೆ. ಇಲ್ಲಿ ಕನ್ನಡ ಪತ್ರಿಕೆ ಸಿಗುವುದಿಲ್ಲ. ಇಂಗ್ಲಿಷ್ ಪುಟಗಳಲ್ಲಿ ನನ್ನದು ಅನ್ನುವಂಥದ್ದು ಸಿಕ್ಕೀತಾ?
– ಎ. ಎಂ.

ಊರಿಂದ ಬಂದ ಪಾರ್ಸೆಲ್ ಬಿಚ್ಚುತ್ತೀರಲ್ಲ, ಚಟ್ನಿಪುಡಿ ಡಬ್ಬಕ್ಕೆ ಅಮ್ಮ ಸುತ್ತಿದ ಪೇಪರ್ ಎಲ್ಲಿ ಹಾಕುತ್ತೀರಿ? ಅದನ್ನು ಎತ್ತಿಡಿ. ಎಣ್ಣೆ ಕಲೆ ಇದ್ದರೆ ಇನ್ನೂ ಒಳ್ಳೆಯದು. ಸಾಂಬಾರ್ ಪುಡಿಯ ಪ್ಯಾಕೆಟ್ಟು, ವಿಮಾನದ ಬೋರ್ಡಿಂಗ್ ಪಾಸು, ಅಲ್ಲಿನ ಸೂಪರ್ ಮಾರ್ಕೆಟಿನವರು ಬಾಗಿಲಿಗೆ ಹಾಕಿಹೋಗುವ ಕಾಗದ, ಎಲ್ಲ ಒಂದೇ ಡಬ್ಬಕ್ಕೆ. ಅಲ್ಲಿ ಚಳಿಗಾಲಕ್ಕೆ ಸಂಜೆ ನಾಲ್ಕು ಗಂಟೆ ಸುಮಾರಿಗೇ ಕತ್ತಲಂತೆ. ಆ ಹೊತ್ತಿಗೆ ಕತ್ತರಿ ಹಿಡಿದು ಕೂತರೆ ಏನು ಬರುತ್ತದೆ ಅಂತ ನನಗೂ ಕುತೂಹಲ. ಒಂದು ವರ್ಷ ಮಾಡಿ, ಆಮೇಲೆ ಬರೆಯಿರಿ.

ಮುಂದಿನ ದಿನ ಯಾವಾಗ? ಫೀಸು ಎಷ್ಟು? ಏನು ತರಬೇಕು?
– ಹದಿನೇಳು ಜನ

ಪುನರ್ವಸು ಮಳೆಯ ಎರಡನೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ನೂರು ರೂಪಾಯಿ, ಹಾಳೆಗೆ ಮತ್ತು ಗೋಂದಿಗೆ. ನಿಮ್ಮ ಮನೆಯ ರದ್ದಿಯಿಂದ ಒಂದು ಕಟ್ಟು ತನ್ನಿ, ತೂಕಕ್ಕೆ ಹಾಕುವ ಮುಂಚೆ. ಕತ್ತರಿ ನಿಮ್ಮದೇ ಇರಲಿ. ಒಣ ಟವೆಲ್ ಒಂದು, ಯಾಕೆಂದರೆ ಗೇಟಿನಿಂದ ಜಗಲಿಗೆ ಬರುವಷ್ಟರಲ್ಲಿ ನೆನೆಯುತ್ತೀರಿ.

ಕಷಾಯ ನಮ್ಮದು. ಮಧ್ಯಾಹ್ನದ ಬುತ್ತಿ ನೀವೇ ಕಟ್ಟಿಕೊಂಡು ಬನ್ನಿ. ಕುಕ್ಕರ್ ಕಥೆ ಓದಿದವರು ಯಾಕೆ ಅಂತ ಕೇಳುವುದಿಲ್ಲ, ಅಲ್ವಾ?