ಮುರಿತ ಕೂಡಿದ ಮೇಲೂ ಉಳಿದ ನೋವು: ನಿಮ್ಮ ಲೇಖನದ ಕುರಿತು

ಆತ್ಮೀಯರೇ,

ದೀರ್ಘಕಾಲದ ನೋವು ಹಾಗೂ ಅದರ ಹೊಸ ಔಷಧಗಳನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು; ಹಾಗೆಂದು ಕೈಬಿಡುವ ಬರಹವೂ ಅದಲ್ಲ.

ಮೂರನೆಯ ಪುಟದಲ್ಲಿ, ಪಾದದ ಮುರಿತ ಕೂಡಿಕೊಂಡು ವರ್ಷ ಕಳೆದರೂ ಹೊದಿಕೆಯ ಅಂಚು ತಗುಲಿದೊಡನೆ ಕಾಲನ್ನು ಸರಕ್ಕನೆ ಎಳೆದುಕೊಳ್ಳುವ ಮಹಿಳೆಯೊಬ್ಬರು ಬರುತ್ತಾರೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ನೀವು ಅವರನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿ, ನೋವು ದೇಹದ ಎಚ್ಚರಿಕೆಯ ಗಂಟೆ ಎಂಬ ಸವೆದ ಮಾತಿಗೆ ಹೊರಳಿದ್ದೀರಿ. ಆಕೆಯ ಪಾದದಲ್ಲಿ ಎಚ್ಚರಿಸಬೇಕಾದ ಗಾಯವೇ ಉಳಿದಿಲ್ಲವಲ್ಲ! ಗಾಯದ ನಂತರ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗಬಲ್ಲವೆಂದು 1983ರಲ್ಲಿ ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹಾಗಾದಾಗ ಬರಿಯ ಸ್ಪರ್ಶವೂ ನೋವಾಗಿಯೇ ಅನುಭವಕ್ಕೆ ಬರುತ್ತದೆ. ನೋವಿನ ಸಂಕೇತಗಳನ್ನು ಬೆನ್ನುಹುರಿಯೇ ಬಾಗಿಲಿನಂತೆ ಒಳಬಿಡುತ್ತದೆ ಇಲ್ಲವೇ ತಡೆಯುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ದ್ವಾರ ಸಿದ್ಧಾಂತಕ್ಕೆ ಇಡೀ ಪುಟ ಕೊಟ್ಟ ನೀವು ವೂಲ್ಫ್ ತೋರಿಸಿದ್ದರ ಪ್ರಸ್ತಾಪವನ್ನೇ ಮಾಡಿಲ್ಲ. ಅದರ ಬದಲು "ಇಂಥ ನೋವು ಬಹುಮಟ್ಟಿಗೆ ಮಾನಸಿಕ" ಎಂದು ಬರೆದಿದ್ದೀರಿ. ಆ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ತಮ್ಮ ನೋವನ್ನು ಯಾರೂ ನಂಬುತ್ತಿಲ್ಲವೆಂದು ಬಳಲಿದವರು ಇದನ್ನು ಓದುತ್ತಾರೆ. ಚಿಂತೆ, ನಿದ್ರಾಹೀನತೆಗಳು ನೋವನ್ನು ಹೆಚ್ಚಿಸುವುದು ನಿಜ. ಆದರೆ ಹೆಚ್ಚಿಸುವುದೇ ಬೇರೆ, ಹುಟ್ಟಿಸುವುದೇ ಬೇರೆ.

ಔಷಧಗಳ ಭಾಗದಲ್ಲಿ ತಪ್ಪು ಇನ್ನೂ ದೊಡ್ಡದು. ದೀರ್ಘಕಾಲದ ನೋವಿಗೆ ಚಟ ಹಿಡಿಸದ ಮಾತ್ರೆ ಬಂದೇಬಿಟ್ಟಿತೆಂದು ಸುಜೆಟ್ರಿಜಿನ್ ಬಗ್ಗೆ ಬರೆದಿದ್ದೀರಿ. ಮಿದುಳಿನ ಬದಲು ಹೊರನರಗಳಲ್ಲಿ ನೋವಿನ ಸಂಕೇತ ಸಾಗಲು ಬೇಕಾದ ಸೋಡಿಯಂ ಕಾಲುವೆಯೊಂದನ್ನು (ಸೋಡಿಯಂ ಕಣಗಳು ನರಕೋಶದೊಳಗೆ ನುಗ್ಗುವ ಸೂಕ್ಷ್ಮ ದಾರಿ) ತಡೆದು ಕೆಲಸ ಮಾಡುವ ಈ ಔಷಧಕ್ಕೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ವಯಸ್ಕರ ತೀವ್ರ, ಅಂದರೆ ಅಲ್ಪಕಾಲದ ನೋವಿಗೆ ಮಾತ್ರ. ಹತ್ತು ವರ್ಷಗಳಿಂದ ನರಳುತ್ತಿರುವವರು ನಿಮ್ಮ ಮಾತನ್ನು ನಂಬಿ ವೈದ್ಯರ ಬಳಿ ಹೋದರೆ, ಅವರ ನಿರಾಸೆಗೆ ನಾವೇ ಹೊಣೆಯಾಗುತ್ತೇವೆ. ಇದರ ಪಕ್ಕದಲ್ಲೇ ಟಾನೆಜುಮ್ಯಾಬ್ ಎಂಬ ಇನ್ನೊಂದು ನೋವಿನ ಔಷಧದ ಕಥೆಯನ್ನೂ ಹೇಳಿ: ಸಂಧಿವಾತದ ನೋವನ್ನು ಅದು ತಗ್ಗಿಸಿತು, ಆದರೆ ಕೆಲವರ ಕೀಲುಗಳು ಬೇಗನೆ ಹಾಳಾದವು, 2021ರಲ್ಲಿ ಅದರ ಅಭಿವೃದ್ಧಿಯನ್ನೇ ಕೈಬಿಡಲಾಯಿತು. ಸುರಕ್ಷಿತ ಔಷಧವನ್ನು ಹುಡುಕುವುದು ಏಕೆ ಇಷ್ಟು ನಿಧಾನವೆಂಬುದು ಓದುಗರಿಗೆ ಇದರಿಂದ ತಾನಾಗಿ ತಿಳಿಯುತ್ತದೆ.

ಮತ್ತೆ ಬರೆಯುವ ಮೊದಲು ಆ ಮಹಿಳೆಯನ್ನು ಇನ್ನೊಮ್ಮೆ ಕಂಡು ಮಾತನಾಡಿ. ರಾತ್ರಿ ಪಾದವನ್ನು ಹೊದಿಕೆಯ ಹೊರಗಿಟ್ಟೇ ಮಲಗುತ್ತಾರೆಯೇ, ಕಾಲುಚೀಲವನ್ನು ಹೇಗೆ ಹಾಕಿಕೊಳ್ಳುತ್ತಾರೆ ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಮೊದಲ ಪುಟದಲ್ಲಿ ಬರೆದು ಕಳುಹಿಸಿ.

ಇಂತಿ,
ಸಂಪಾದಕ