ಸಂಪಾದಕರ ಉತ್ತರ: ಬೇರೆಯವರು ಹೇಳಿದ ಯಾವ ಸಿನಿಮಾ ನೋಡಿದಿರಿ?

ಓದುಗರ ಪತ್ರ:

"ಮಾನ್ಯ ಸಂಪಾದಕರೇ, ನಾನು ಬ್ಯಾಂಕಿನಿಂದ ನಿವೃತ್ತನಾಗಿ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇನೆ. ಸಿನಿಮಾ ಹುಚ್ಚಿರುವ ನಾವೊಂದಿಷ್ಟು ಕನ್ನಡಿಗರು ತಿಂಗಳಿಗೊಮ್ಮೆ ಸೇರುತ್ತೇವೆ. ಯಾವುದು ನೋಡಿದಿರಿ, ಯಾವುದು ಚೆನ್ನಾಗಿದೆ ಎಂದು ಮಾತಾಡುತ್ತೇವೆ. ಆದರೆ ನಾನು ಹೇಳಿದ ಚಿತ್ರವನ್ನು ಯಾರೂ ನೋಡುವುದಿಲ್ಲ. 'ಘಟಶ್ರಾದ್ಧ', 'ಚೋಮನ ದುಡಿ', 'ತಾಯಿ ಸಾಹೇಬ' ಸೇರಿ 12 ಚಿತ್ರಗಳ ಪಟ್ಟಿ ಬರೆದು, ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆ. ಒಂದು ಪ್ರತಿ ನಿಮಗೂ ಕಳಿಸಿದ್ದೇನೆ. ಮುಂದಿನ ತಿಂಗಳು ಕೇಳಿದರೆ ಒಬ್ಬರೂ ಒಂದನ್ನೂ ನೋಡಿಲ್ಲ. ಜನರ ಅಭಿರುಚಿ ಕೆಟ್ಟಿದೆ. ನೋಡಲೇಬೇಕಾದ 100 ಚಿತ್ರಗಳ ಪಟ್ಟಿಯನ್ನು ಅಂಕಗಳ ಸಮೇತ ನಿಮ್ಮ ಪತ್ರಿಕೆ ಪ್ರಕಟಿಸಬೇಕು. ಆಗಲಾದರೂ ಕೇಳಿಯಾರು. ಆಸ್ತಿ ವ್ಯಾಜ್ಯದ ವಾಯಿದೆಗೆ ಮತ್ತೆ ಉಡುಪಿಗೆ ಹೊರಟಿದ್ದೇನೆ. ಅವಸರದಲ್ಲಿ ಬರೆದಿದ್ದೇನೆ, ಮನ್ನಿಸಿ."

ರಾಯರೇ,

ಅವಸರದಲ್ಲಿ ಬರೆದರೂ ನಿಮ್ಮ ಪತ್ರದಲ್ಲಿ ಒಂದು ಕಾಗುಣಿತ ತಪ್ಪಿಲ್ಲ. ಇದಕ್ಕೇ ನಿಮಗೆ ಅರ್ಧ ಪ್ರಶಸ್ತಿ ಕೊಡಬೇಕು. ನಮ್ಮ ಕಚೇರಿಗೆ ಬರುವ ಲೇಖನಗಳನ್ನು ನೀವು ನೋಡಿಲ್ಲ.

ಪಟ್ಟಿಯ ವಿಷಯಕ್ಕೆ ಬರೋಣ. ಪಟ್ಟಿಗಳಿಂದ ಉಪಯೋಗ ಇಲ್ಲ ಎಂದು ನಾನು ಹೇಳುವುದಿಲ್ಲ. ಹೊಸದಾಗಿ ಸಿನಿಮಾ ನೋಡಲು ಶುರು ಮಾಡಿದ ಹುಡುಗನಿಗೆ ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಿರುವುದಿಲ್ಲ. ಅವನಿಗೊಂದು ಪಟ್ಟಿ ಬೇಕು. ಅಷ್ಟು ಒಪ್ಪಿದೆ. ನಮ್ಮ ಪತ್ರಿಕೆ ಮಾತ್ರ ಅದನ್ನು ಹಾಕುವುದಿಲ್ಲ, ಅಂಕಗಳ ಸಮೇತವಂತೂ ಇಲ್ಲವೇ ಇಲ್ಲ.

ನೀವು ಬ್ಯಾಂಕಿನವರು, ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಚಿತ್ರಕ್ಕೆ ಅರ್ಧ ಜನ 10 ಅಂಕ ಕೊಟ್ಟರು, ಉಳಿದರ್ಧ 2 ಕೊಟ್ಟರು ಅನ್ನಿ. ಸರಾಸರಿ 6. ಇನ್ನೊಂದಕ್ಕೆ ನೋಡಿದವರೆಲ್ಲ ಆಕಳಿಸುತ್ತಾ 6 ಕೊಟ್ಟರು. ಅದಕ್ಕೂ 6. ಮೊದಲನೆಯದನ್ನು ನೋಡಿ ಯಾರೋ ರಾತ್ರಿಯಿಡೀ ನಿದ್ದೆಗೆಟ್ಟಿರಬಹುದು. ಎರಡನೆಯದು ಮರುದಿನಕ್ಕೆ ಮರೆತುಹೋಗಿರುತ್ತದೆ. ಅಂಕಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ. ಆ 10 ಕೊಟ್ಟವರು ಯಾರು, ಅವರಿಗೂ ನಮಗೂ ಏನು ಹೊಂದಾಣಿಕೆ ಎನ್ನುವುದು ಮುಖ್ಯ. ಸರಾಸರಿ ಮುಚ್ಚಿಡುವುದು ಅದನ್ನೇ.

ನೀವು ಕಳಿಸಿದ ಜೆರಾಕ್ಸ್ ನನ್ನ ಮೇಜಿನ ಮೇಲಿದೆ. ಒಳ್ಳೆಯ ಚಿತ್ರಗಳು, ಎಲ್ಲವೂ. ಪ್ರತಿ ಹೆಸರಿನ ಮುಂದೆ ನಿರ್ದೇಶಕ, ವರ್ಷ, ಪ್ರಶಸ್ತಿ ಬರೆದಿದ್ದೀರಿ. ಯಾಕೆ ನೋಡಬೇಕು ಎಂದು ಒಂದು ಸಾಲು ಎಲ್ಲೂ ಇಲ್ಲ. 'ಘಟಶ್ರಾದ್ಧ, ಗಿರೀಶ ಕಾಸರವಳ್ಳಿ, 1977, ಸ್ವರ್ಣಕಮಲ.' ಇದನ್ನು ಓದಿದವನಿಗೆ ಗೌರವ ಹುಟ್ಟಬಹುದು, ನೋಡುವ ಆಸೆ ಹುಟ್ಟುವುದಿಲ್ಲ. ನಿಮ್ಮ ಗುಂಪಿನಲ್ಲಿ ಹನ್ನೆರಡು ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಹೋಟೆಲಿಗೆ ಬಂದವರು ಒಬ್ಬರಾದರೂ ಇರುತ್ತಾರೆ, ಅಲ್ವಾ? ಅವರ ಪಕ್ಕದಲ್ಲಿ ಕೂತು ಹೀಗೆ ಹೇಳಿ ನೋಡಿ: "ಮನೆ ಬಿಟ್ಟು ಪಾಠಶಾಲೆಗೆ ಬಂದ ಒಬ್ಬ ಹುಡುಗ ಇದ್ದಾನೆ, ನಾಣಿ ಅಂತ. ಅವನಿಗೆ ಮನೆಯ ನೆನಪು. ಅವನನ್ನು ಹಚ್ಚಿಕೊಂಡವಳು ಒಬ್ಬಳೇ, ವಿಧವೆ ಯಮುನಕ್ಕ. ಆಮೇಲೆ ಊರು ಅವಳಿಗೆ ಏನು ಮಾಡಿತು ಅಂತ ಆ ಹುಡುಗನ ಕಣ್ಣಲ್ಲೇ ನೋಡಬೇಕು." ಸ್ವರ್ಣಕಮಲದ ಮಾತೇ ಬೇಡ. ಅವರು ಅದೇ ವಾರ ನೋಡದಿದ್ದರೆ ಕೇಳಿ.

ಮದುವೆ ಊಟದಲ್ಲಿ ಕೆಲವರು ಬಡಿಸುತ್ತಾರಲ್ಲ, ಎಲೆಯ ಮುಂದೆ ಕೂತವನ ಮುಖ ನೋಡದೆ ಸೌಟು ಸುರಿದು ಮುಂದೆ ಹೋಗುವವರು. ಪಟ್ಟಿ ಹಂಚುವುದು ಅದೇ ಜಾತಿಯ ಕೆಲಸ.

ಮುಖ ನೋಡಿ ಸಿನಿಮಾ ಹೇಳುವವರನ್ನು ನಾನು ನೋಡಿದ್ದೇನೆ. ಮುಂಬಯಿ ಫೋರ್ಟಿನ ಹೋಟೆಲೊಂದರಲ್ಲಿ ಮಾಣಿಯಾಗಿದ್ದುಕೊಂಡು ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲ ಅದು. ಕ್ಯಾಶಿಗೆ ಕೂರುತ್ತಿದ್ದ ಅಣ್ಣ ವಾರದ ರಜೆ ಬಂದರೆ ಸಾಕು, ಮ್ಯಾಟಿನಿಗೆ ಓಡುತ್ತಿದ್ದರು. ರಾತ್ರಿ ಶಟರ್ ಎಳೆದ ಮೇಲೆ ಅಡುಗೆಮನೆಯಲ್ಲಿ ಕತೆ. ವಿಶೇಷ ಏನೆಂದರೆ ಒಂದೇ ಸಿನಿಮಾವನ್ನು ಅವರು ಎಲ್ಲರಿಗೂ ಹೇಳುತ್ತಿರಲಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ ನೊಂದಿದ್ದ ದೋಸೆ ಭಟ್ಟರಿಗೆ ಒಂದು, ಮದುವೆ ನಿಶ್ಚಯವಾಗಿದ್ದ ಹುಡುಗನಿಗೆ ಇನ್ನೊಂದು. ನನಗೆ ಚಿತ್ರ ಬಿಡಿಸುವ ಗೀಳು ಇತ್ತು. ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲ್ ಆಡಿಸುವುದನ್ನು ಅವರು ನೋಡಿದ್ದರು. ಗುರುದತ್ತರ 'ಕಾಗಜ್ ಕೆ ಫೂಲ್' ಮತ್ತೆ ಮ್ಯಾಟಿನಿಗೆ ಬಂದಾಗ ನನ್ನನ್ನು ಕರೆದು, "ಕತೆ ಬಿಡು, ನಿನಗೆ ಅರ್ಥ ಆಗುವುದಿಲ್ಲ. ಬೆಳಕು ನೋಡು. ಆ ಬೆಳಕು ಬಿಟ್ಟವರು ನಮ್ಮ ಮೈಸೂರಿನವರು" ಎಂದರು.

ಹೋಗಿ ನೋಡಿದೆ. ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಇಳಿದು ಬರುವ ಆ ಬೆಳಕಿನ ಕಂಬ. ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿ ಅದನ್ನು ಮಾಡಿದ್ದರು ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. 1959ರ ಚಿತ್ರ, ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ. ಬಿಡುಗಡೆಯಾದಾಗ ನೆಲಕಚ್ಚಿತ್ತು. 2008ರ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂದಾಗ ನನಗೆ ಮೊದಲು ನೆನಪಾದದ್ದು ಕ್ಯಾಶಿನ ಅಣ್ಣ. ಅಂದು ಅವರು ನನಗೆ ನಿರ್ದೇಶಕರ ಜೀವನ ಚರಿತ್ರೆ ಹೇಳಿದ್ದರೆ ನಾನು ಥಿಯೇಟರಿನಲ್ಲಿ ನಿದ್ದೆ ಹೊಡೆದು ಬರುತ್ತಿದ್ದೆ.

ಜನರ ಅಭಿರುಚಿ ಕೆಟ್ಟಿದೆ ಎನ್ನುತ್ತೀರಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ಪಿ.ಕೆ. ನಾಯರ್ ಅವರನ್ನು ಇಲ್ಲಿ ನೆನೆಯಬೇಕು. 1964ರಲ್ಲಿ ಶುರುವಾದ ಸಂಸ್ಥೆ. ದೇಶದಲ್ಲಿ ತಯಾರಾದ ಸುಮಾರು 1700 ಮೂಕಿ ಚಿತ್ರಗಳಲ್ಲಿ ಉಳಿದದ್ದು ಬೆರಳೆಣಿಕೆ, ಅದರಲ್ಲೂ ಕೆಲವನ್ನು ಹುಡುಕಿ ತಂದವರು ಇವರೇ. ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ಟಿಪ್ಪಣಿ ಬರೆಯುತ್ತಾ ಸಿನಿಮಾ ನೋಡುತ್ತಿದ್ದ ಮನುಷ್ಯ. ಚಿತ್ರಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದ್ದರೂ ಅವರ ನೌಕರಿ ನಡೆಯುತ್ತಿತ್ತು. ಹಾಗೆ ಮಾಡಲಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದ್ದರು. ಆ ದಶಕದ ಕೊನೆಯ ಹೊತ್ತಿಗೆ ಪುಣೆಯಿಂದ ನಾಯರ್, ಸಿನಿಮಾ ಪಾಠ ಹೇಳುತ್ತಿದ್ದ ಸತೀಶ್ ಬಹಾದ್ದೂರ್ ಹೆಗ್ಗೋಡಿಗೆ ಬಂದು ರಸಗ್ರಹಣ ಶಿಬಿರ ಮಾಡುತ್ತಿದ್ದರು. ಅಡಿಕೆ ತೋಟದವರು, ಶಾಲಾ ಮೇಷ್ಟ್ರು, ಕೂಲಿಯವರು ಕೂತು ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳನ್ನು ನೋಡಿದರು. ಭಾಷೆ ಬಾರದಿದ್ದರೂ ನೋಡಿದರು. ಅಲ್ಲೂ ಅಂಕಪಟ್ಟಿ ಹಂಚಲಿಲ್ಲ. ಜೊತೆಗೆ ಕೂತರು, ಆಮೇಲೆ ಮಾತಾಡಿದರು. ಅಡಿಕೆ ಸುಲಿಯುವವರು ಜಪಾನಿ ಚಿತ್ರ ನೋಡಬಹುದಾದರೆ ಡೊಂಬಿವಲಿಯವರ ಅಭಿರುಚಿಯ ಬಗ್ಗೆ ಇಷ್ಟು ಬೇಗ ಕೈಚೆಲ್ಲಬೇಡಿ.

ಈಗ ಸ್ವಲ್ಪ ಗದರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರವನ್ನು ಮತ್ತೆ ಓದಿದೆ. ನೀವು ಬೇರೆಯವರಿಗೆ ಹೇಳಿದ 12 ಚಿತ್ರ ಇವೆ. ಬೇರೆಯವರು ನಿಮಗೆ ಹೇಳಿದ್ದು ಒಂದೂ ಇಲ್ಲ. ತಿಂಗಳಿಗೊಮ್ಮೆ ಸೇರುವ ಗುಂಪಿನಲ್ಲಿ ಯಾರೂ ಯಾವ ಚಿತ್ರದ ಹೆಸರನ್ನೂ ಎತ್ತಲಿಲ್ಲವೇ? ಎತ್ತಿರುತ್ತಾರೆ. ನಿಮ್ಮ ಕಿವಿಗೆ ಬಿದ್ದಿಲ್ಲ, ಅಥವಾ ಬಿದ್ದರೂ 'ಛೆ, ಅದೇನು ನೋಡುವುದು' ಎಂದು ಬಿಟ್ಟಿದ್ದೀರಿ. ಎದುರಿನವರು ಹೇಳಿದ ಒಂದನ್ನಾದರೂ ಪೂರ್ತಿ ನೋಡಿ, ಮುಂದಿನ ತಿಂಗಳು ಅದರ ಬಗ್ಗೆ ಮಾತಾಡಿದ್ದರೆ ನಿಮ್ಮ ಜೆರಾಕ್ಸಿನ ಗತಿ ಬೇರೆ ಆಗುತ್ತಿತ್ತು. ಸಾಲ ಕೊಡುವವರ ಕಷ್ಟ ನಿಮಗೆ ಗೊತ್ತು. ಇಲ್ಲಿ ಮೊದಲು ಸಾಲ ತೆಗೆದುಕೊಳ್ಳಬೇಕು.

ಇದನ್ನು ಚೆನ್ನಾಗಿ ಅರಿತವರು ಪಣಜಿಯ ಕ್ಯೂನಲ್ಲಿ ಸಿಗುತ್ತಾರೆ. 2004ರಿಂದ ಅಂತಾರಾಷ್ಟ್ರೀಯ ಚಿತ್ರೋತ್ಸವ ಗೋವಾದಲ್ಲೇ ನಡೆಯುತ್ತಿದೆ. ನವೆಂಬರ್ ಬಂತೆಂದರೆ ಹಳೆಯ ಮೆಡಿಕಲ್ ಕಾಲೇಜಿನ ಆವರಣದಲ್ಲಿ, ಕಲಾ ಅಕಾಡೆಮಿಯ ಮುಂದೆ ಕೊರಳಿಗೆ ಕಾರ್ಡು ಹಾಕಿಕೊಂಡ ಜನ. ಬೆಳಗಾವಿ, ಕಾರವಾರ, ಹುಬ್ಬಳ್ಳಿ ಕಡೆಯವರು ಬೇಕಾದಷ್ಟು. ಹೆಸರು ಕೇಳುವ ಮೊದಲೇ "ಬೆಳಿಗ್ಗೆ ಏನು ನೋಡಿದಿರಿ?" ಎನ್ನುತ್ತಾರೆ. ಪುಣೆಯಲ್ಲಿ ಓದುತ್ತಿದ್ದ ಧಾರವಾಡದ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು, "ಅಂಕಲ್, ಅರ್ಧಕ್ಕೆ ಎದ್ದು ಬಂದದ್ದು ಯಾವುದು ಹೇಳ್ರಿ" ಎಂದು ಕೇಳಿದಳು. ಹೇಳಿದೆ. ಯಾಕೆ ಎದ್ದು ಬಂದೆ ಎಂದೂ ವಿವರಿಸಿದೆ. "ಹಂಗಾರ ಅದು ನನಗ ಸೇರ್ತದ" ಎಂದು ಅದೇ ಚಿತ್ರದ ಇನ್ನೊಂದು ಆಟಕ್ಕೆ ಹೊರಟುಹೋದಳು. ಹೋಗುವಾಗ ನನಗೊಂದು ಇರಾನಿ ಚಿತ್ರದ ಹೆಸರು ಹೇಳಿ, "ನಿಮಗ ಮೆಲ್ಲಗ ನಡಿಯೋ ಸಿನಿಮಾ ಆಗಂಗಿಲ್ಲ, ಇದು ಓಡ್ತದ" ಎಂದಳು. ಐದು ನಿಮಿಷದ ಪರಿಚಯದಲ್ಲಿ ನನ್ನನ್ನು ಅಳೆದುಬಿಟ್ಟಿದ್ದಳು. ಚಿತ್ರ ನಿಜಕ್ಕೂ ಓಡಿತು.

ಮುಂಬಯಿಯಲ್ಲಿ ಆ ಕ್ಯೂ ಈಗ ಎಲ್ಲಿದೆ ಹೇಳಿ? ಮಾಟುಂಗಾದ ಅರೋರಾ ಥಿಯೇಟರ್ ಒಂದು ಕಾಲಕ್ಕೆ ದಕ್ಷಿಣದ ಚಿತ್ರಗಳಿಗೆ ಹೆಸರಾಗಿತ್ತು. ಆಟ ಬಿಟ್ಟ ಮೇಲೆ ಕಿಂಗ್ಸ್ ಸರ್ಕಲ್ಲಿನ ಉಡುಪಿ ಹೋಟೆಲಿನಲ್ಲಿ ಒಂದು ಕಾಫಿಗೆ ಒಂದು ಗಂಟೆ ಜಗಳ. ಮರಾಠಿಯವರು 1968ರಲ್ಲೇ ಪ್ರಭಾತ್ ಚಿತ್ರ ಮಂಡಳ ಕಟ್ಟಿಕೊಂಡು ಜಗತ್ತಿನ ಚಿತ್ರಗಳನ್ನು ತರಿಸಿ ನೋಡಿದರು. ನಮಗೂ ಸಂಘಗಳಿಗೆ, ಸಭಾಂಗಣಗಳಿಗೆ ಬರ ಇಲ್ಲ. ಆದರೆ ಈಚೆಗೆ ನನಗೆ ಬರುವ ಕಾರ್ಯಕ್ರಮದ ಆಮಂತ್ರಣಗಳನ್ನು ನೋಡಿ. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ, ಊಟ. ಶಾಲು ಹೊದೆಸಿಕೊಳ್ಳುವವರ ಸಾಲು ಉದ್ದವಾದಷ್ಟೂ ಸಿನಿಮಾಕ್ಕೆ ಸಮಯ ಉಳಿಯುವುದಿಲ್ಲ. ಒಂದು ಕಡೆ ಪ್ರೊಜೆಕ್ಟರ್ ಇದೆಯಂತೆ, ಅದರಲ್ಲಿ ತೋರಿಸುವುದು ಪ್ರಾಯೋಜಕರ ಜಾಹೀರಾತು.

ಮಲ್ಟಿಪ್ಲೆಕ್ಸಿನವರ ಕತೆ ಇನ್ನೊಂದು. ಒಳ್ಳೆಯ ಕನ್ನಡ ಚಿತ್ರ ಬಂದರೆ ಇಡೀ ಮುಂಬಯಿಗೆ ಬೆಳಿಗ್ಗೆ ಒಂಬತ್ತೂವರೆಯ ಆಟ, ಅದೂ ಊರಾಚೆ. ಕೆಲಸಕ್ಕೆ ಹೋಗುವವನು ಯಾವಾಗ ನೋಡಬೇಕು? ಆಮೇಲೆ 'ಕನ್ನಡಿಗರು ಬರುವುದಿಲ್ಲ' ಎಂದು ಶುಕ್ರವಾರಕ್ಕೆ ಎತ್ತಿಬಿಡುತ್ತಾರೆ. ಬರುವಷ್ಟರಲ್ಲಿ ಹೋಗಿರುತ್ತದೆ. ಬಾಯಿಂದ ಬಾಯಿಗೆ ಮಾತು ಹರಡಲು ಕನಿಷ್ಠ ಒಂದು ವಾರ ಬೇಕು ಎನ್ನುವ ಸಣ್ಣ ವ್ಯಾಪಾರ ಬುದ್ಧಿಯೂ ಇಲ್ಲ.

ಇನ್ನು ಕೆಲವನ್ನು ಯಾರೂ ಯಾರಿಗೂ ಹೇಳುವಂತಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ತಯಾರಾಯಿತು, 1934ರಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಹಳೆಯ ರೀಲುಗಳನ್ನು ಬೆಳ್ಳಿಯ ಅಂಶಕ್ಕಾಗಿ ಕರಗಿಸಿ ಮಾರಿದವರು ಎಷ್ಟೋ ಜನ, ಬೆಂಕಿಗೆ ಹೋದದ್ದು ಇನ್ನಷ್ಟು. ನೋಡಿದವರು ತೀರಿಹೋದರು. ಇನ್ನೊಂದು ಕಡೆ ನಿಮ್ಮ 'ಘಟಶ್ರಾದ್ಧ' ಕಷ್ಟಪಟ್ಟು ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ವೆನಿಸಿನವರು ನೋಡಿದರು, ಡೊಂಬಿವಲಿಯವರು ನೋಡಿಲ್ಲ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ರಾಯರೇ.

ಪ್ರಶಸ್ತಿ ಚಿತ್ರ ಎಂದರೆ ಓಡಿಹೋಗುವ ಒಬ್ಬ ಹೋಟೆಲ್ ಮಾಲೀಕರು ಘಾಟ್ಕೋಪರಿನಲ್ಲಿದ್ದಾರೆ. ಊರಲ್ಲಿ ಜಮೀನು ಪಾಲಿನ ತಲೆನೋವು ಅವರಿಗೆ. ಅವರಿಗೆ 'ತಿಥಿ' ನೋಡಿಸಬೇಕಿತ್ತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದದ್ದನ್ನು ನಾನು ಬಾಯಿಬಿಡಲಿಲ್ಲ. "101 ವರ್ಷದ ಅಜ್ಜ ಸತ್ತಿದ್ದಾನೆ. ಮೊಮ್ಮಗನಿಗೆ ಜಮೀನು ಮಾರುವ ಆತುರ. ಆದರೆ ಜಮೀನು ಬರಬೇಕಾದ ಮಗನಿಗೆ ಏನೂ ಬೇಡ, ಸುಮ್ನೆ ಬ್ರಾಂದಿ ಹಿಡಿದು ತಿರುಗುತ್ತಾನೆ" ಎಂದೆ ಅಷ್ಟೆ. ನೋಡಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ನಗು ನಿಲ್ಲುತ್ತಿರಲಿಲ್ಲ. "ನಮ್ಮ ಮನೆಗೆ ಕ್ಯಾಮರಾ ಇಟ್ಟವರು ಯಾರು ಮಾರಾಯ್ರೆ?" ಎಂದರು.

ನಿಮಗೂ ಒಂದು ಹೇಳಬೇಕು. 40 ವರ್ಷಕ್ಕೂ ಜಾಸ್ತಿ ಮಹಾರಾಷ್ಟ್ರದ ಅನ್ನ ತಿಂದವರ ಹಾಗೆ ಕಾಣುತ್ತೀರಿ, ಪಟ್ಟಿಯಲ್ಲಿ ಒಂದು ಮರಾಠಿ ಚಿತ್ರ ಇಲ್ಲ. ವಾಯಿದೆಗೆ ಉಡುಪಿಗೆ ಅಲೆಯುತ್ತಿದ್ದೀರಿ. ಹಾಗಾದರೆ ಚೈತನ್ಯ ತಮ್ಹಾಣೆ ಅವರ 'ಕೋರ್ಟ್' ನಿಮ್ಮದೇ ಸಿನಿಮಾ, 2014ರದ್ದು. ಮುಂಬಯಿಯ ಕೆಳ ನ್ಯಾಯಾಲಯ. ಹಾಡು ಕಟ್ಟಿ ಹಾಡುವ ಒಬ್ಬ ಮುದುಕರ ಮೇಲೆ ಕೇಸು. ಅವರ ಹಾಡು ಕೇಳಿ ಮ್ಯಾನ್‌ಹೋಲ್ ಕೆಲಸಗಾರನೊಬ್ಬ ಆತ್ಮಹತ್ಯೆ ಮಾಡಿಕೊಂಡ ಎಂಬ ಆರೋಪ. ಇಲ್ಲಿ ಮೇಜು ಗುದ್ದುವ ವಕೀಲರಿಲ್ಲ. ಮುಂದಿನ ತಾರೀಖು, ಮುಂದಿನ ತಾರೀಖು, ಅಷ್ಟೇ. ಬೆಂಚಿನ ಮೇಲೆ ಕೂತು ಕಾದ ನಿಮಗೆ ಅದರ ನಿಧಾನ ಬೇಸರ ತರಿಸುವುದಿಲ್ಲ.

ಮುಖ್ಯವಾಗಿ ಸರ್ಕಾರಿ ವಕೀಲೆಯನ್ನು ಗಮನಿಸಿ. ಕೋರ್ಟಿನಲ್ಲಿ ಕಠಿಣ ಹೆಂಗಸು. ಸಂಜೆ ಲೋಕಲ್ ರೈಲು ಹಿಡಿದು, ಮಗುವನ್ನು ಕರೆದುಕೊಂಡು, ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ. ಒಂದು ರಜೆಯ ದಿನ ಮನೆಯವರ ಜೊತೆ ಮರಾಠಿ ನಾಟಕಕ್ಕೆ ಹೋಗುತ್ತಾಳೆ. ಹೊರಗಿನಿಂದ ಮುಂಬಯಿಗೆ ಬಂದವರನ್ನು ಗೇಲಿ ಮಾಡುವ ನಾಟಕ. ಸಭಾಂಗಣವೆಲ್ಲ ನಗುತ್ತದೆ. ಈ ಚಿತ್ರವನ್ನು ಒಬ್ಬರೇ ನೋಡಬೇಡಿ, ಪಕ್ಕದ ಮನೆಯ ಮರಾಠಿಯವರನ್ನು ಕರೆಯಿರಿ. ಆ ದೃಶ್ಯ ಬಂದಾಗ ಅವರು ಏನು ಮಾಡಿದರು, ನೀವು ಏನು ಮಾಡಿದಿರಿ ಎಂದು ನನಗೆ ಬರೆಯಿರಿ. ಜೊತೆಗೆ ಅವರು ನಿಮಗೆ ಯಾವ ಸಿನಿಮಾ ಹೇಳಿದರು ಎನ್ನುವುದನ್ನೂ.

– ಸಂ.