ಓದುಗರ ಪ್ರಶ್ನೆ, ತಜ್ಞರ ಉತ್ತರ: ರೇಷ್ಮೆ, ಜರಿ ಮತ್ತು ತೂಕದ ಲೆಕ್ಕ

ಪ್ರಶ್ನೆ: ಸೀರೆ ನೇಯಿಸಲು ಒಂದು ಕೆ.ಜಿ. ಕಚ್ಚಾ ರೇಷ್ಮೆ ಕೊಂಡು ಬಣ್ಣಕ್ಕೆ ಕೊಟ್ಟೆ. ವಾಪಸು ಬಂದದ್ದು 760 ಗ್ರಾಂ. ಉಳಿದದ್ದು ಎಲ್ಲಿ ಹೋಯಿತು? (ಸೀರೆ ವ್ಯಾಪಾರಿ, ಗದಗ)

ಬಣ್ಣಗಾರರ ಮೇಲೆ ಸಂಶಯ ಬೇಡ. ಗೂಡಿನಿಂದ ಬಿಚ್ಚಿದ ನೂಲಿನಲ್ಲಿ ನೂರಕ್ಕೆ 20ರಿಂದ 25 ಪಾಲು ಸೆರಿಸಿನ್ ಎಂಬ ಅಂಟು ಇರುತ್ತದೆ. ಅದು ಹೋಗದೆ ಹೊಳಪು ಬಾರದು, ಬಣ್ಣವೂ ಸಮನಾಗಿ ಹಿಡಿಯದು. ಸೋಪು ಮತ್ತು ಸ್ವಲ್ಪ ಸೋಡಾ ಹಾಕಿದ ನೀರಿನಲ್ಲಿ, 90ರಿಂದ 95 ಡಿಗ್ರಿ ಶಾಖದಲ್ಲಿ ಗಂಟೆಯಷ್ಟು ಹೊತ್ತು ಲಡಿ (ನೂಲಿನ ಸುರುಳಿ) ತಿರುಗಿಸುತ್ತಾ ಬೇಯಿಸುತ್ತಾರೆ. ನೂಲಿನ ತೂಕದ 30 ಪಟ್ಟು ನೀರು ಬೇಕು. ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಗಡಸು ನೀರಾದರೆ ಸೋಪು ಸುಣ್ಣದೊಂದಿಗೆ ಸೇರಿ ಜಿಗುಟಾಗಿ ನೂಲಿಗಂಟುತ್ತದೆ, ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಸೋಡಾ ಹೆಚ್ಚಾದರೆ ರೇಷ್ಮೆಯೇ ಸವೆಯುತ್ತದೆ. ನೀರು ಕೊತಕೊತ ಕುದಿದರೆ ಎಳೆಗಳು ಉಜ್ಜಿಕೊಂಡು ನವಿರೇಳುತ್ತವೆ.

ನೀವು ಅನುಮಾನಿಸಬೇಕಾದದ್ದು ಒಂದು ಕೆ.ಜಿ.ಗೆ 950 ಗ್ರಾಂ ಮರಳಿ ಬಂದಾಗ. ಅಂಟು ಪೂರ್ತಿ ಹೋಗಿಲ್ಲ, ಇಲ್ಲವೇ ತೂಕಕ್ಕೆಂದು ಏನನ್ನೋ ಸೇರಿಸಿದ್ದಾರೆ. ತವರದ ಲವಣ ಕುಡಿಸಿ ರೇಷ್ಮೆಯನ್ನು ಭಾರ ಮಾಡುವ ಪದ್ಧತಿ ಹಳೆಯದು. ಅಂಥ ಬಟ್ಟೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಹಾಗೆಂದು ಮಳೆಗಾಲದ ತೂಕ ನೋಡಿ ಗಾಬರಿಯಾಗಬೇಡಿ. ಮಾಮೂಲಿ ಹವೆಯಲ್ಲೇ ರೇಷ್ಮೆ ತನ್ನ ಒಣ ತೂಕದ ನೂರಕ್ಕೆ 11ರಷ್ಟು ತೇವ ಹಿಡಿದಿರುತ್ತದೆ, ಥಂಡಿಯಲ್ಲಿ ಇನ್ನೂ ಹೆಚ್ಚು. ಕೊಡುವಾಗಲೂ ತರುವಾಗಲೂ ಒಂದು ದಿನ ಒಂದೇ ಕೋಣೆಯಲ್ಲಿಟ್ಟು ತೂಗಿ.

ಆ 240 ಗ್ರಾಂ ಹೋದದ್ದು ಚರಂಡಿಗೆ. ಅದು ಪ್ರೋಟೀನು, ನೀರಿನಲ್ಲಿ ಕೊಳೆಯುತ್ತಾ ಆಮ್ಲಜನಕ ತಿನ್ನುತ್ತದೆ, ನಾರುತ್ತದೆ. ಸೋಪಿಲ್ಲದೆ, ಮುಚ್ಚಿದ ಒತ್ತಡದ ಪಾತ್ರೆಯಲ್ಲಿ 120 ಡಿಗ್ರಿಯ ಆಸುಪಾಸು ಬರಿಯ ನೀರಿನಿಂದಲೇ ಅಂಟು ಬಿಡಿಸಬಹುದು. ಆಗ ಸೆರಿಸಿನ್ ಶುದ್ಧವಾಗಿ ಸಿಗುತ್ತದೆ, ಸೌಂದರ್ಯವರ್ಧಕ ತಯಾರಕರಿಗೆ ಅದು ಬೇಕು. ಒಬ್ಬ ಬಣ್ಣಗಾರನಿಗೆ ಯಂತ್ರದ ಖರ್ಚು ಹೊರೆ, ಹತ್ತು ಮಂದಿ ಕೂಡಿದರೆ ಲೆಕ್ಕ ಬೇರೆ.

ಪ್ರಶ್ನೆ: ‘ಅಹಿಂಸಾ ರೇಷ್ಮೆ’ ಎಂದು ಹೆಚ್ಚು ಬೆಲೆ ಹೇಳುತ್ತಾರೆ. ನಂಬಬಹುದೇ? (ಓದುಗರು, ಮಂಗಳೂರು)

ಹುಳುವನ್ನು ಗೂಡಿನೊಳಗೇ ಕೊಲ್ಲದೆ, ಚಿಟ್ಟೆ ಹೊರಹೋದ ಮೇಲೆ ತೆಗೆದ ರೇಷ್ಮೆ ಎಂಬುದು ಈ ಹೆಸರಿನ ಅರ್ಥ. ಕೈಯಲ್ಲಿ ಮುಟ್ಟಿ ನೋಡಿ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಅದನ್ನು ಬಿಚ್ಚಲಾಗದು, ಹತ್ತಿಯಂತೆ ನೂಲಬೇಕು. ಬಟ್ಟೆ ಮಂಕು ಹೊಳಪಿನದು, ಅಲ್ಲಲ್ಲಿ ದಪ್ಪ ಗಂಟು. ಕನ್ನಡಿಯಂತೆ ಮಿನುಗುವ ನುಣುಪು ಸೀರೆಗೆ ಈ ಹೆಸರು ಅಂಟಿಸಿದ್ದರೆ ಪ್ರಶ್ನೆ ಮಾಡಿ. ಅಸ್ಸಾಮಿನ ಎರಿ ಹುಳುವಿನ ಗೂಡಿಗೆ ಮೊದಲೇ ಬಾಯಿ ತೆರೆದಿರುತ್ತದೆ, ಅಲ್ಲಿ ಈ ಮಾತಿಗೆ ಅರ್ಥವಿದೆ. ಆದರೆ ಮಾಮೂಲಿ ರೇಷ್ಮೆಯ ಹುಳು ವ್ಯರ್ಥವಾಗುತ್ತದೆಂಬುದು ಸರಿಯಲ್ಲ. ಹಸಿ ಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಹುಳುವೇ. ಅದರಿಂದ ಎಣ್ಣೆ ತೆಗೆಯುತ್ತಾರೆ, ಕೋಳಿ ಮತ್ತು ಮೀನಿನ ಆಹಾರಕ್ಕೂ ಹೋಗುತ್ತದೆ. ಕೊಲ್ಲಬಾರದೆಂಬುದು ನಿಮ್ಮ ನಿಲುವಾದರೆ ಎರಿ ಕೊಳ್ಳಿ. ಪರಿಸರದ ಕಾಳಜಿಯಾದರೆ ಗೂಡು ಬೇಯಿಸಲು ಯಾವ ಉರುವಲು, ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಹೆಚ್ಚು ಉಪಯೋಗ.

ಪ್ರಶ್ನೆ: ಅಮ್ಮನ ಮದುವೆ ಸೀರೆ ಸೀಳಿದೆ. ಜರಿ ಕೊಳ್ಳುವವರು ಬಂದು ಇಡೀ ಸೀರೆಗೆ ಒಂದು ಮೊತ್ತ ಹೇಳಿದರು. ಕೊಡಲೇ? (ಓದುಗರು, ಮೈಸೂರು)

ಸದ್ಯ ಕೊಡಬೇಡಿ. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ಟೆಸ್ಟೆಡ್ ಜರಿಯಲ್ಲಿ ತಂತಿ ತಾಮ್ರದ್ದು. ಅಂಚಿನ ಸಡಿಲ ಎಳೆಯೊಂದನ್ನು ಒರಟು ಕಲ್ಲಿಗೆ ಉಜ್ಜಿ: ಬಿಳುಪು ಕಂಡರೆ ಬೆಳ್ಳಿ, ಕೆಂಪಾದರೆ ತಾಮ್ರ. ಕೆ.ಎಸ್.ಐ.ಸಿ. (ಸರ್ಕಾರಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ತನ್ನ ಮೈಸೂರು ಸಿಲ್ಕಿನ ಜರಿಗೆ ಹೇಳುವ ಲೆಕ್ಕ ನೂರಕ್ಕೆ 65 ಬೆಳ್ಳಿ, 0.65 ಚಿನ್ನ. ಅಂದರೆ 100 ಗ್ರಾಂ ಜರಿಯಲ್ಲಿ 65 ಗ್ರಾಂ ಬೆಳ್ಳಿ, ಒಂದು ಗ್ರಾಂಗೂ ಕಡಿಮೆ ಚಿನ್ನ. ಬೆಲೆ ಬರುವುದು ಬೆಳ್ಳಿಯಿಂದ.

ಚಿನ್ನ, ಬೆಳ್ಳಿಯ ಪಾಲು ಅಳೆಯುವ ಯಂತ್ರಕ್ಕೆ ಎಳೆಯನ್ನೇ ಒಡ್ಡಿದರೆ ಮೇಲಿನ ಲೇಪದಿಂದಾಗಿ ಚಿನ್ನ ಹೆಚ್ಚು ತೋರಬಹುದು, ಆದ್ದರಿಂದ ತುಣುಕನ್ನು ಕರಗಿಸಿ ಗುಂಡು ಮಾಡಿ ಪರೀಕ್ಷಿಸಬೇಕು. ಮನೆಯಲ್ಲಿ ಸುಟ್ಟು ಆಮ್ಲ ಹಾಕುವ ಸಾಹಸ ಮಾತ್ರ ಬೇಡ. ನೈಟ್ರಿಕ್ ಆಮ್ಲದ ಕಂದು ಹೊಗೆ ಶ್ವಾಸಕೋಶ ಸುಡುತ್ತದೆ. ಒಡಲಷ್ಟೇ ಸೀಳಿ ಅಂಚು, ಸೆರಗು ಗಟ್ಟಿಯಿದ್ದರೆ ಅವನ್ನು ಬಿಡಿಸಿ ಹೊಸ ಒಡಲಿಗೆ ಹೊಲಿಸಿ. ಕರಗಿಸುವುದಕ್ಕಿಂತ ನಮಗೆ ಅದೇ ಒಪ್ಪು.

ಪ್ರಶ್ನೆ: ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಸಾಕೇ? (ಓದುಗರು, ದಾವಣಗೆರೆ)

ಅದು ಅಪ್ಪಟ ರೇಷ್ಮೆ ಎಂಬುದಕ್ಕೆ ಮಾತ್ರ ಸಾಕ್ಷಿ. ಜರಿ ಯಾವುದು, ಬಣ್ಣ ಎಂಥದ್ದು, ನೂಲು ರಾಮನಗರದ್ದೋ ಚೀನಾದ್ದೋ ಎಂಬುದು ಅದರಿಂದ ತಿಳಿಯದು. ಅವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.